ಪಂಚಮಿಗೆ ಕರೆಯದ ಅಕ್ಕ

ನೌಬಾದಿನ ಆ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಮೂರು ವಿದ್ಯೆಗಳು ಒಂದೇ ಮೇಜಿಗೆ ಕುಳಿತು ಚಹಾ ಕುಡಿಯುತ್ತಿದ್ದವು. ಒಂದಕ್ಕೆ ಇನ್ನೊಂದರ ಮೇಲೆ ಹೇಳಿಕೊಳ್ಳುವಂಥ ನಂಬಿಕೆ ಇರಲಿಲ್ಲ. ಆಯೆಶಾ ಶ್ವಾಸಕೋಶದ ಡಾಕ್ಟರು. ಅಳತೆಗೆ ಸಿಗದ ಮಾತನ್ನು ಕಿವಿಗೇ ಹಾಕಿಕೊಳ್ಳದವಳು. ಖುರ್ಷಿದ ಬೇಗಂ ಹಾಡುಗಾರ್ತಿ. ಬೀಸುವ ಕಲ್ಲಿನ ಹಾಡುಗಳನ್ನು ದಖನಿಯಲ್ಲೂ ಕನ್ನಡದಲ್ಲೂ ಬಲ್ಲವಳು, ಅಳತೆ ಎಂದರೆ ಮೂಗು ಮುರಿಯುವವಳು. ಸಮಾಜಕಾರ್ಯ ಓದಿದ ದಾನಮ್ಮ ಇಬ್ಬರ ನಡುವೆ ಕುಳಿತು, ಮಾತು ಬಿಸಿಯಾದಾಗಲೆಲ್ಲ ಬಿಸ್ಕತ್ತಿನ ತಟ್ಟೆಯನ್ನು ಅತ್ತಿಂದಿತ್ತ ಸರಿಸುತ್ತಿದ್ದಳು.

ಸಂಶೋಧನೆಯ ಹೆಸರು ಬ್ಯಾನರಿನ ಮೇಲೆ ಎರಡು ಸಾಲು ಹಿಡಿಯುತ್ತಿತ್ತು. ವಿಷಯ ಮಾತ್ರ ಯಾರಿಗಾದರೂ ತಿಳಿಯುವಂಥದ್ದು. ಒಲೆಯ ಹೊಗೆ, ದಾಲ್ ಮಿಲ್ಲಿನ ಧೂಳು ಕುಡಿದು ಕುಡಿದು ಉಸಿರು ಗಿಡ್ಡಾದ ಹೆಂಗಸರು ಈ ಕಡೆ ಊರೂರಿಗೆ ಇದ್ದಾರೆ. ಅಂಥವರನ್ನು ವಾರಕ್ಕೆರಡು ಸಲ ಒಂದೆಡೆ ಕೂಡಿಸಿ, ಬೀಸುವ ಕಲ್ಲಿನ ಹಾಡುಗಳನ್ನು ಒಂದುಸಿರಿಗೆ ಒಂದು ಸಾಲಿನಂತೆ ನಿಧಾನವಾಗಿ ಹಾಡಿಸಿದರೆ ಎದೆಗೆ ಬಲ ಬಂದೀತೇ? ಯಾವ ಸಾಲನ್ನು ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎನ್ನುವುದು ಖುರ್ಷಿದ ಬೇಗಂ ಪಾಲು. ಊದುವ ಯಂತ್ರ ಹಿಡಿದು ಅಳೆಯುವುದು ಆಯೆಶಾ ಪಾಲು. ಹೆಂಗಸರನ್ನು ಮನೆಯಿಂದ ಹೊರಡಿಸುವುದು, ಅತ್ತೆಯರನ್ನು ಒಪ್ಪಿಸುವುದು, ಗಂಡಂದಿರ ಅಡ್ಡಪ್ರಶ್ನೆಗಳಿಗೆ ನಗುನಗುತ್ತ ಉತ್ತರ ಕೊಡುವುದು ದಾನಮ್ಮನ ಪಾಲು. ಯಾರ ಪಾಲು ಭಾರವಾಗಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

"ಒಂದು ಊರು ಹಾಡಬೇಕು, ಇನ್ನೊಂದು ಊರು ಕಾಯಬೇಕು," ಎಂದಳು ಆಯೆಶಾ. ಕಾಯುವ ಊರಿನವರಿಗೂ ಔಷಧ, ತಪಾಸಣೆ ಎಲ್ಲ ಸಿಗುತ್ತದೆ. ಹಾಡು ಮಾತ್ರ ದೀಪಾವಳಿ ಕಳೆದ ಮೇಲೆ. ಹಾಗೆ ಮಾಡದಿದ್ದರೆ ಗುಣವಾದದ್ದು ಹಾಡಿನಿಂದಲೋ, ಮಳೆ ಬಿದ್ದು ಧೂಳು ಅಡಗಿದ್ದರಿಂದಲೋ ಹೇಗೆ ಗೊತ್ತಾಗಬೇಕು? ಮಾತು ನ್ಯಾಯವಾದದ್ದೇ. ಒಂದು ಊರಿನ ಹಾಡು ಇನ್ನೊಂದು ಊರಿಗೆ ಮುಟ್ಟಬಾರದು, ಅಂಥ ಎರಡು ಊರು ಹೇಳು ಎಂದಾಗ ದಾನಮ್ಮ ಕ್ಷಣವೂ ಯೋಚಿಸಲಿಲ್ಲ.

"ಭಾಲ್ಕಿ, ಔರಾದ ಇಡ್ರಿ ಮೇಡಂ. ನಡುವ ಹೊಳಿ ಅದ. ಬಸ್ಸೂ ಕಡಿಮಿ. ಅಲ್ಲಿಂದ ಇಲ್ಲಿಗಿ ಯಾರು ಬರ್ತಾರ್ರಿ?"

ಹೀಗೆಂದಾಗ ತನ್ನ ಸ್ವಂತ ಅಕ್ಕ ಈರಮ್ಮನನ್ನು ಭಾಲ್ಕಿಯಿಂದ ಔರಾದಿಗೇ ಕೊಟ್ಟಿರುವುದು ಅವಳಿಗೆ ಮರೆತಿತ್ತು ಎಂದಲ್ಲ. ಅದು ಲೆಕ್ಕಕ್ಕೆ ಬರುವ ಸಂಗತಿ ಎಂದು ಹೊಳೆಯಲಿಲ್ಲ, ಅಷ್ಟೇ. ಭಾಲ್ಕಿಯವರು ಔರಾದಿಗೆ ಹೆಣ್ಣು ಕೊಡುವುದು, ಅಲ್ಲಿಂದ ತರುವುದು ತಲೆತಲಾಂತರದ ರೂಢಿ. ಬೆಳಗಾದರೆ ಸೂರ್ಯ ಹುಟ್ಟುತ್ತಾನೆ ಎಂದು ಯಾರಾದರೂ ಸಭೆಯಲ್ಲಿ ಎದ್ದು ಹೇಳುತ್ತಾರೆಯೇ? ಚೀಟಿ ಎತ್ತಿದರು. ಹಾಡು ಭಾಲ್ಕಿಗೆ ಬಂತು, ಕಾಯುವುದು ಔರಾದಿಗೆ.

ಔರಾದಿನಲ್ಲಿ ಹೆಸರು ಬರೆಸುವ ದಿನ ಎಲ್ಲರಿಗಿಂತ ಮೊದಲು ಬಂದು ಬೆಂಚಿನ ತುದಿಯಲ್ಲಿ ಕುಳಿತವಳು ಈರಮ್ಮನೇ. ಮಿಲ್ಲಿನಲ್ಲಿ ತೊಗರಿಬೇಳೆ ಕೇರಿ ಕೇರಿ ಅರ್ಧ ಆಯುಷ್ಯ ಕಳೆದವಳು. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಮಾತು ತುಂಡುತುಂಡಾಗುತ್ತಿತ್ತು. ಆದರೂ ಪಕ್ಕದಲ್ಲಿ ಕೂತವರಿಗೆಲ್ಲ, "ನಮ್ಮ ತಂಗೀದು ರೀ ಇದೆಲ್ಲ," ಎಂದು ಹೇಳದೆ ಬಿಡಲಿಲ್ಲ. ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ದಾನಮ್ಮನಿಗೆ ಜಡೆ ಹೆಣೆದು ಸಾಲೆಗೆ ಕಳಿಸಿದವಳು ಅವಳು. ಹೆಮ್ಮೆಪಡುವ ಹಕ್ಕು ಅವಳಿಗಿತ್ತು. ದಾನಮ್ಮ ಆಯೆಶಾಗೆ ಅಕ್ಕನ ವಿಷಯ ತಿಳಿಸಿದಳು. "ಇರ್ಲಿ. ಆದ್ರ ಮನಿ ಮಂದಿ ಅಂತ ಬ್ಯಾರೆ ಏನೂ ಕಲಿಸಬ್ಯಾಡ್ರಿ," ಎಂದಳು ಆಯೆಶಾ.

ಭಾಲ್ಕಿಯಲ್ಲಿ ಹಾಡು ಶುರುವಾಯಿತು. ಮೊದಮೊದಲು ಹೆಂಗಸರು ನಾಚಿಕೊಂಡು ಸೆರಗಿನೊಳಗೇ ಗುನುಗಿದರು. ಖುರ್ಷಿದ ಬೇಗಂ ನಡುವೆ ಒಂದು ಬರಿಯ ಬೀಸುವ ಕಲ್ಲಿಟ್ಟು, ಗೂಟ ಹಿಡಿದು ತಿರುಗಿಸುತ್ತ, ತಾನೇ ಕಟ್ಟಿದ ಪದ ಎತ್ತಿದಳು:

ತೊಗರೀಯ ಹೊಲದಾಗ ಹಳದಿಯ ಹೂವಾತ
ಹಗುರಾಗಿ ಬೀಸ ನನ ತಂಗಿ, ಗಾಳಿಗೂ
ಹೆಗಲೊಂದು ಬೇಕ ಕೂಡಲಾಕ

ಕಲ್ಲು ಒಂದು ಸುತ್ತು ಪೂರ್ತಿ ಬರುವತನಕ ಸಾಲು ಮುರಿಯಬಾರದು, ಉಸಿರು ಕದಿಯಬಾರದು. "ನಕ್ಕೋ, ನಕ್ಕೋ! ಗಡಿಬಿಡಿ ನಕ್ಕೋ," ಎಂದು ಬೇಗಂ ತನ್ನ ದಖನಿಯಲ್ಲಿ ಅವಸರ ಬೇಡವೆಂದು ಗದರಿಸುವಳು. ಹೆಂಗಸರು ನಕ್ಕು ಮತ್ತೆ ಮೊದಲಿನಿಂದ ಎತ್ತುವರು. ಕೆಲವು ತಿಂಗಳಲ್ಲಿ ಕಾಂತಾಬಾಯಿ ಎಂಬ ಹಿರಿಯಳು ಅಂಗಡಿಗೆ ಹೋಗಿ ಬರುವಾಗ ನಡುವೆ ಕಟ್ಟೆ ಹಿಡಿದು ನಿಲ್ಲುವುದನ್ನು ಬಿಟ್ಟಳು. ಯಂತ್ರವೂ ಅದನ್ನೇ ಹೇಳಿತು. ಆಯೆಶಾ ಯಂತ್ರವನ್ನು ನಂಬಿದಳು, ಖುರ್ಷಿದ ಬೇಗಂ ಕಾಂತಾಬಾಯಿಯ ಮುಖವನ್ನು ನಂಬಿದಳು.

ಸುದ್ದಿ ಫೋನಿನಲ್ಲಿ ಔರಾದಿಗೂ ಹೋಯಿತು. ಕಾಂತಾಬಾಯಿ ಈರಮ್ಮನ ಬಾಲ್ಯದ ಮನೆಯ ಎದುರುಮನೆಯವಳು. ಮುಂದಿನ ಸಲ ದಾನಮ್ಮ ತಪಾಸಣೆಗೆಂದು ಜನವಾಡ ದಾಟಿ ಔರಾದಿಗೆ ಹೋದಾಗ ಅಕ್ಕ ಚಹಾ ಕೊಟ್ಟು ಎದುರಿಗೆ ಕುಳಿತಳು.

"ಒಂದೇ ಒಂದು ಪದ ಹೇಳಿಕೊಡು ದಾನೀ. ಕಾಂತಾಬಾಯಿಗಿ ಈಗ ರಾತ್ರಿ ನಿದ್ದಿ ಬರ್ತದಂತ. ನಾ ದಿಂಬು ಮ್ಯಾಲ ದಿಂಬು ಇಟ್ಟು ಕೂತೇ ಬೆಳಗ ಮಾಡ್ತೇನಿ."

"ದೀಪಾವಳಿ ಆಗ್ಲಿ ಅಕ್ಕಾ. ಈಗ ಹೇಳಿಕೊಟ್ರ ಎಲ್ಲಾ ಕೆಡ್ತದ."

"ನನಗ ಒಬ್ಬಾಕಿಗಿ ಹೇಳಿಕೊಟ್ರ ಏನು ಕೆಡ್ತದ?"

"ಒಬ್ಬಾಕಿಗಿ ಅಂತ ಎಲ್ಲಾರೂ ಕೇಳಿದ್ರ ಏನ್ಮಾಡ್ಲಿ?"

ಈರಮ್ಮ ತಲೆಯಾಡಿಸಿ ನಕ್ಕಳು. "ಹೌದು ಬಿಡು, ಖರೆ ಅದ," ಎಂದಳು. ನಗು ಕೆಮ್ಮಿಗೆ ತಿರುಗಿತು. ದಾನಮ್ಮ ಅಕ್ಕನ ಬೆನ್ನು ತಿಕ್ಕಿದಳು. ತನ್ನ ಮಾತು ಸರಿಯಾಗಿದೆ ಎಂದು ಅವಳಿಗೆ ಗೊತ್ತಿತ್ತು; ಸರಿಯಾದ ಮಾತು ಆಡಿದ್ದಕ್ಕೆ ಇಷ್ಟು ನಾಚಿಕೆಯಾದದ್ದು ಅವಳಿಗೆ ಅದೇ ಮೊದಲು.

ಶ್ರಾವಣ ಬಂತು. ನಾಗರ ಪಂಚಮಿಗೆ ವಾರವಿರುವಾಗ ಭಾಲ್ಕಿಯ ಹಾಡಿನ ಕೂಟದಲ್ಲಿ ಹೆಂಗಸರೆಲ್ಲ ಉಂಡಿಯ ಮಾತು, ಜೋಕಾಲಿಯ ಮಾತು ಆಡುತ್ತಿದ್ದರು. ಈ ಸಲ ಜೋಕಾಲಿಗೆ ಬೇಗಂ ಕಲಿಸಿದ ಪದಗಳನ್ನೇ ಹಾಡುವುದೆಂದು ಕಾಂತಾಬಾಯಿ ಸಾರಿದಾಗ ದಾನಮ್ಮನಿಗೆ ಅಕ್ಕ ನೆನಪಾದಳು. ಪಂಚಮಿಗೆ ಅಕ್ಕ ಬರುತ್ತಾಳೆ. ತವರುಮನೆಯ ಓಣಿಯಲ್ಲೇ ಜೋಕಾಲಿ ಕಟ್ಟುತ್ತಾರೆ. ಅಕ್ಕ ಕೇಳುತ್ತಾಳೆ, ಕಲಿಯುತ್ತಾಳೆ, ಔರಾದಿಗೆ ಒಯ್ಯುತ್ತಾಳೆ. ಈರಮ್ಮ ಒಂದು ಪದ ಒಮ್ಮೆ ಕೇಳಿದರೆ ಬಿಟ್ಟವಳಲ್ಲ.

"ಈ ಸಲ ಪಂಚಮಿಗಿ ಬ್ಯಾರೆ ಹಾಡು ಹಾಡಬಾರ್ದೇನ್ರಿ?" ಎಂದು ಕೇಳಿ ನೋಡಿದಳು.

"ಯಾಕ?" ಎಂದಳು ಕಾಂತಾಬಾಯಿ. "ಹೊಸಾದು ಬಾಯಾಗ ಇಟ್ಕೊಂಡು ಹಳೇದು ಹಾಡ್ಲೇನು? ವರ್ಷಕ್ಕೊಮ್ಮಿ ಹೆಣ್ಣುಮಕ್ಕಳು ಮನಿಗಿ ಬಂದಾಗ ನಾವು ಬಾಯಿ ಕಟ್ಕೊಂಡು ಕೂಡ್ರಬೇಕೇನು? ಚಂದ ಹೇಳ್ತಿ ನೀ."

ಹೆಂಗಸರ ಬಾಯಿ ಮುಚ್ಚಿಸುವುದು ಆಗದ ಮಾತು. ಹಾಗಾದರೆ ಅಕ್ಕನನ್ನು ತಡೆಯುವುದೊಂದೇ ಉಳಿದಿತ್ತು. ಎರಡು ದಿನ ಹಿಂದೆಮುಂದೆ ನೋಡಿ ದಾನಮ್ಮ ಫೋನು ಮಾಡಿದಳು.

"ಅಕ್ಕಾ, ಈ ಸಲ ಪಂಚಮಿಗಿ ಬರಬ್ಯಾಡ."

ಆ ಕಡೆಯಿಂದ ಉಸಿರಿನ ಸಪ್ಪಳವಷ್ಟೇ ಕೇಳಿಸಿತು. ಆಮೇಲೆ, "ಯಾಕ?"

ದಾನಮ್ಮ ಕಾರಣ ಹೇಳಿದಳು. ಬೇಗ ಬೇಗ ಹೇಳಿದಳು. ಹಬ್ಬ ಮುಗಿದ ವಾರಕ್ಕೆ ಕರೆಸಿಕೊಳ್ಳುತ್ತೇನೆ, ಹತ್ತು ದಿನ ಇಟ್ಟುಕೊಳ್ಳುತ್ತೇನೆ ಎಂದೂ ಸೇರಿಸಿದಳು. ಈರಮ್ಮ ಜಗಳಾಡಲಿಲ್ಲ. "ಆಯ್ತು ಬಿಡು," ಎಂದು ಫೋನಿಟ್ಟಳು.

ಈ ಸೀಮೆಯಲ್ಲಿ ಹೊಲದ ಸಲುವಾಗಿ ಕೋರ್ಟಿನ ಕಟ್ಟೆ ಹತ್ತಿದ ಅಣ್ಣತಮ್ಮಂದಿರೂ ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆಯುವುದು ಬಿಡುವುದಿಲ್ಲ. ಮಾತು ಬಿಟ್ಟವರೂ ಬಂದು ಬಾಗಿಲಲ್ಲಿ ನಿಂತು, ಮೋರೆ ಗಂಟಿಕ್ಕಿಕೊಂಡೇ "ಬಾ" ಎನ್ನುತ್ತಾರೆ. ದಾನಮ್ಮ ಒಂದು ಒಳ್ಳೆಯ ಕೆಲಸಕ್ಕೋಸ್ಕರ ಅದನ್ನು ಮುರಿದಳು. ಕೆಲಸ ಒಳ್ಳೆಯದಾಗಿತ್ತು ಎನ್ನುವುದರಲ್ಲಿ ಅನುಮಾನವಿಲ್ಲ. ಅಕ್ಕನನ್ನು ಕರೆತರಲು ಹೊರಟಿದ್ದ ತಮ್ಮ ಅಮರನಾಥನಿಗೆ, "ಅಕ್ಕಗ ಉಸಿರಿನ ತ್ರಾಸು ಜಾಸ್ತಿ ಅದ, ಈ ಸಲ ಬರಂಗಿಲ್ಲ," ಎಂದು ಸುಳ್ಳು ಹೇಳಿದಳು. ಅವನು ನಂಬಿದ. ನಂಬದಿರಲು ಕಾರಣವಿರಲಿಲ್ಲ.

ಪಂಚಮಿಯ ದಿನ ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಬೆಳಗಿನಿಂದ ಮಳೆ ಬಿಡುವು ಕೊಟ್ಟಿತ್ತು. ದಾನಮ್ಮ ತಟ್ಟೆಯಲ್ಲಿ ಶೇಂಗಾ ಉಂಡಿ ಹಿಡಿದು ಹೊರಗೆ ಬಂದವಳು ಅಲ್ಲೇ ನಿಂತಳು. ಜೋಕಾಲಿಯ ಮೇಲೆ ನಿಂತು ಜೀಕುತ್ತಿದ್ದವಳು ಔರಾದಿನ ತಪಾಸಣೆಗೆ ತಪ್ಪದೆ ಬರುವ ಹೆಂಗಸು. ಹಗ್ಗ ಹಿಡಿದು ನಿಂತವಳೂ ಅಲ್ಲಿಯವಳೇ. ಕಟ್ಟೆಯ ಮೇಲೆ ಕಾಂತಾಬಾಯಿಯ ಭುಜಕ್ಕೆ ಭುಜ ಹಚ್ಚಿ ಕೂತು, ತೊಗರಿ ಹೊಲದ ಪದವನ್ನು ಸಾಲು ಮುರಿಯದೆ ಎಳೆಯಲು ಕಲಿಯುತ್ತಿದ್ದವಳು ಕಾಂತಾಬಾಯಿಯ ಸ್ವಂತ ಮಗಳು. ಅವಳೂ ಔರಾದಿನ ಯಾದಿಯಲ್ಲಿದ್ದಳು. ಅಲ್ಲಿ ಬರೆಸಿಕೊಂಡದ್ದು ಗಂಡನ ಹೆಸರು, ಗಂಡನ ಮನೆಯ ವಿಳಾಸ. ತವರು ಯಾವುದೆಂದು ಯಾರೂ ಕೇಳಿರಲಿಲ್ಲ.

"ಮೇಡಮ್ಮಾರು ಬಂದ್ರು, ಮೇಡಮ್ಮಾರು ಬಂದ್ರು!" ಎಂದು ಔರಾದಿನ ಹೆಂಗಸರು ಸಂಭ್ರಮದಿಂದ ಕೂಗಿದರು. "ಕೇಳ್ರಿ, ನಾವೂ ಕಲ್ತೀವಿ!" ಎಂದು ಒಬ್ಬಳು ಒಂದು ಸಾಲು ಹಾಡಿಯೇ ತೋರಿಸಿದಳು. ತಪ್ಪಿಲ್ಲದೆ ಹಾಡಿದಳು.

"ನಿಮ್ಮ ಈರಮ್ಮ ಯಾಕ ಬಂದಿಲ್ಲ?" ಎಂದು ಕಾಂತಾಬಾಯಿ ಕೇಳಿದಳು.

ದಾನಮ್ಮನಿಗೆ ಉಂಡಿಯ ತಟ್ಟೆ ಇಡಲೂ ಜಾಗ ಕಾಣಲಿಲ್ಲ. ಔರಾದಿನ ಅರ್ಧ ಯಾದಿ ಮರದ ಕೆಳಗೆ ಜೀಕುತ್ತಿತ್ತು. ಈ ಓಣಿಯಲ್ಲಿ ಹುಟ್ಟಿದವರಲ್ಲಿ ಬಾರದವಳು ಒಬ್ಬಳೇ, ಅದೂ ತನ್ನ ಅಕ್ಕ. ಒಳಗೆ ಹೋಗಿ ದೇವರ ಕೋಣೆಯ ಕದ ಹಾಕಿಕೊಂಡು ಅತ್ತಳು.

ನೌಬಾದಿಗೆ ಬಂದು ಇಬ್ಬರಿಗೂ ನಡೆದದ್ದನ್ನೆಲ್ಲ ಹೇಳಿದಳು, ಫೋನಿನ ಮಾತನ್ನೂ ಬಿಡದೆ. ಮೊದಲು ಸಿಡಿದವಳು ಖುರ್ಷಿದ ಬೇಗಂ.

"ಪಂಚಮಿಗಿ ಬರಬ್ಯಾಡ ಅಂದೀ? ಅಕ್ಕಗ? ಅರೇ ಬೇಟಿ, ನಮ್ಮ ಓಣಿ ಹಿಂದೂ ಹೆಣ್ಮಕ್ಕಳು ಪಂಚಮಿಗಿ ಹೊಂಟ್ರ ನಾವು ಮುಸಲ್ಮಾನರು ಗಾಡಿ ತನಕ ಚೀಲ ಹೊತ್ತು ಕಳಿಸ್ತೀವಿ. ನೀ ತಡದಿ?"

"ಮೇಡಂ, ಪೂರಾ ಕೆಟ್ಟುಹೋಯ್ತೇನ್ರಿ?" ಎಂದು ದಾನಮ್ಮ ಆಯೆಶಾಳ ಕಡೆ ತಿರುಗಿದಳು.

ಆಯೆಶಾ ಕನ್ನಡಕ ತೆಗೆದು ಒರೆಸಿದಳು. ಅವಳೂ ದಣಿದಿದ್ದಳು. ಎರಡು ವರ್ಷ ಓಡಾಡಿ ಕಟ್ಟಿದ ಕೆಲಸ ಅದು.

"ಕೆಟ್ಟದ್ದು ಖರೆ," ಎಂದಳು. "ಆದ್ರ ತಪ್ಪು ನಂದು. ನಾ ಎಷ್ಟು ಕಿಲೋಮೀಟರ್ ಅಂತ ಕೇಳ್ದೆ. ಹೆಣ್ಣು ಎಲ್ಲಿಗಿ ಕೊಡ್ತೀರಿ ಅಂತ ಕೇಳಬೇಕಿತ್ತು. ನಮ್ಮ ಫೂಫಿನ್ನ, ಅಪ್ಪನ ತಂಗೀನ್ನ, ಔರಾದಿಗೇ ಕೊಟ್ಟೀವಿ, ನನಗೂ ನೆನಪಾಗ್ಲಿಲ್ಲ ನೋಡ್ರಿ."

"ಇದು ಕೆಟ್ಟದ್ದಲ್ಲ," ಎಂದು ಬೇಗಂ ಮೇಜು ಕುಟ್ಟಿದಳು. "ಹಾಡು ಅಂದ್ರ ಇದೇ. ಹೆಣ್ಮಕ್ಕಳ ಜೋಡಿ ಹೊಂಟು ಹೋಗ್ತದ."

"ಅದನ್ನೂ ಬರೀತೀವಿ ಆಪಾ. ಕೆಟ್ಟದ್ದನ್ನೂ ಬರೀತೀವಿ, ಹ್ಯಾಂಗ ಕೆಟ್ಟತು ಅನ್ನೋದನ್ನೂ ಬರೀತೀವಿ. ಮುಚ್ಚಿಟ್ರ ಇಷ್ಟು ದಿನ ಅಳದದ್ದು ಸುಳ್ಳಾಗ್ತದ." ಆಯೆಶಾ ಕನ್ನಡಕ ಹಾಕಿಕೊಂಡಳು. "ಔರಾದದವರು ಇನ್ನ ಕಾಯೋದ್ರಾಗ ಅರ್ಥ ಇಲ್ಲ. ಕಮಿಟಿಗಿ ಬರದು ಪರವಾನಗಿ ಕೇಳ್ತೇನಿ. ದಾನಮ್ಮ, ನಿಮ್ಮ ಅಕ್ಕಗ ಬಂದ ನಷ್ಟಕ್ಕ ನನ್ನ ಬಲ್ಲಿ ಅಳತಿ ಇಲ್ಲ. ಅದು ನೀವೇ ನೋಡ್ಕೋಬೇಕು."

ಅಂದು ಯಾರೂ ಬಿಸ್ಕತ್ತಿನ ತಟ್ಟೆ ಸರಿಸಲಿಲ್ಲ. ಸಂಶೋಧನೆಗೆ ಒಪ್ಪಿಗೆ ಕೊಟ್ಟಿದ್ದ ಸಮಿತಿಯವರು ನಾಲ್ಕು ಪ್ರಶ್ನೆ ಕೇಳಿ, ತಲೆ ಕೆರೆದುಕೊಂಡು, ಕೊನೆಗೆ ಔರಾದಿನಲ್ಲಿ ಹಾಡು ಶುರು ಮಾಡಲು ಒಪ್ಪಿದರು.

ಕೂಟ ಶುರುವಾಗುವ ಮೊದಲೇ ದಾನಮ್ಮ ಅಕ್ಕನ ಮನೆಗೆ ಹೋದಳು. ಡಬ್ಬಿಯ ತುಂಬ ಉಂಡಿ, ಒಂದು ಕುಬಸದ ಬಟ್ಟೆಯ ಕಣ, ಬಳೆ. ಹಬ್ಬ ಮುಗಿದು ಅಮಾವಾಸ್ಯೆಯೂ ಕಳೆದಿತ್ತು. ಈರಮ್ಮನ ಅತ್ತೆ ಪಡಸಾಲೆಯಲ್ಲಿ ಹೆಸರುಕಾಳು ಹಸನು ಮಾಡುತ್ತ ಕುಳಿತಿದ್ದವಳು, ದಾನಮ್ಮನನ್ನು ಕಂಡು ದನಿ ತಗ್ಗಿಸಿದಳು.

"ಬಾ ತಾಯಿ, ಛಲೋ ಮಾಡ್ದಿ. ಈರವ್ವನ ತಬ್ಬೇತಿ ಪೂರಾ ಇಳದದ. ಪಂಚಮಿಗಿ ಹೊರಡಂದ್ರ, ಬಸ್ಸಿನ್ಯಾಗ ಕೂಡ್ರೋವಷ್ಟೂ ಉಸಿರಿಲ್ಲ ಅತ್ತಿ, ನಾ ಒಲ್ಲೆ ಅಂದ್ಲು. ತವರಿನ ಮಂದಿ ಕರದು ಕರದು ಸಾಕಾಗ್ಯಾರ ಅಂತ ಹೇಳಿದ್ಲು. ಅಂದಿನಿಂದ ಹೊಸ್ತಿಲ ದಾಟಲಾಕ ಬಿಟ್ಟಿಲ್ಲ ನಾವು. ಗುಡಿಗೂ ಕಳಿಸಿಲ್ಲ, ಬಾಜೂ ಮನಿ ಸೀಮಂತಕ್ಕೂ ಕಳಿಸಿಲ್ಲ. ಏನರೆ ಆದ್ರ?"

ದಾನಮ್ಮನಿಗೆ ಈಗ ತಿಳಿಯಿತು. ತಾನು ತಮ್ಮನಿಗೆ ಹೇಳಿದ ಸುಳ್ಳನ್ನೇ ಅಕ್ಕ ಇಲ್ಲಿ ಅತ್ತೆಗೆ ಹೇಳಿದ್ದಳು. ತಾನು ಹೇಳಿದ್ದು ತನ್ನನ್ನು ಕಾಪಾಡಿಕೊಳ್ಳಲು. ಅಕ್ಕ ಹೇಳಿದ್ದು ತವರಿನ ಮಾನ ಕಾಯಲು. ಆ ಒಂದು ಸುಳ್ಳಿಗಾಗಿ ಅಕ್ಕ ಇಷ್ಟು ದಿನ ನಾಲ್ಕು ಗೋಡೆಯೊಳಗೆ ಕೂತಿದ್ದಳು.

ಈರಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಸುಮ್ಮನಿರು ಎಂದು ಕಣ್ಣಿನಲ್ಲೇ ತಂಗಿಗೆ ಹೇಳಿದಳು.

ದಾನಮ್ಮ ಸುಮ್ಮನಿರಲಿಲ್ಲ. "ನಾವು ಕರದಿಲ್ಲರಿ ಅತ್ತಿ," ಎಂದಳು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡುವಷ್ಟು ದನಿಯಿತ್ತು. "ಅಕ್ಕ ಒಲ್ಲೆ ಅಂದಿಲ್ಲ. ನಾನೇ ಫೋನ್ ಮಾಡಿ ಬರಬ್ಯಾಡ ಅಂದೆ. ನನ್ನ ಕೆಲಸ ಕೆಡ್ತದ ಅಂತ ಅಂದೆ. ಅಕ್ಕನ ಉಸಿರಿಗಿ ಏನೂ ಆಗಿಲ್ಲ, ಮೊದಲ ಹ್ಯಾಂಗಿತ್ತೋ ಹಂಗೇ ಅದ. ತಪ್ಪು ನಂದರಿ."

ಮುದುಕಿಯ ಕೈಯಲ್ಲಿದ್ದ ಮೊರ ನಿಂತಿತು. ಸೊಸೆಯನ್ನು ನೋಡಿದಳು, ಅವಳ ತಂಗಿಯನ್ನು ನೋಡಿದಳು.

"ಯಾಕ ಹೇಳ್ದಿ?" ಎಂದಳು ಈರಮ್ಮ. ಕೋಪದಿಂದ ಅವಳ ಉಸಿರು ಏರಿತ್ತು. "ಅತ್ತಿಮನಿ ಮುಂದ... ತವರಿನ ಮಾನ ತೆಗಿಯೋ... ಮಾತೇನು ಇದು? ನಾ ಹ್ಯಾಂಗರೆ... ನಿಭಾಸ್ತಿದ್ದೆ."

"ನೀ ಇಷ್ಟು ದಿನ ನಿಭಾಸಿದ್ದೇ ಸಾಕಕ್ಕಾ." ದಾನಮ್ಮ ಹೊಸ್ತಿಲ ಹೊರಗೇ ನಿಂತು ಡಬ್ಬಿ, ಕಣ, ಬಳೆ ಮುಂದೆ ಹಿಡಿದಳು. ಕರೆಯಲು ಬಂದವರು ನಿಲ್ಲುವ ಜಾಗ ಅದು. "ಕರೀಲಾಕ ಬಂದೀನಿ. ತವರಿಗಿ ಬಾ."

ಈರಮ್ಮ ಬಳೆಯ ಪೊಟ್ಟಣವನ್ನು ನೋಡುತ್ತ ನಿಂತಳು. ಆಮೇಲೆ ತಿರುಗಿ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬರುವುದಿಲ್ಲವೇನೋ ಎಂದುಕೊಂಡಳು ದಾನಮ್ಮ. ಅತ್ತೆ ಎದ್ದು ಒಳಗೆ ಇಣುಕಿ, ಬಂದು ಮತ್ತೆ ಮೊರ ಎತ್ತಿಕೊಂಡಳು. "ಸೀರಿ ಉಡ್ಲತ್ತಾಳ," ಎಂದಳು.

ಹಸಿರು ಸೀರೆ. ಇಸ್ತ್ರಿಯ ಮಡಿಕೆ ಇನ್ನೂ ಮೊಣಕಾಲಿನ ಮೇಲೆ ಗೆರೆಯಾಗಿ ನಿಂತಿತ್ತು. ಅದನ್ನು ಯಾವ ದಿನಕ್ಕೆಂದು ಇಸ್ತ್ರಿ ಮಾಡಿಸಿ ಇಟ್ಟಿದ್ದಳೆಂದು ದಾನಮ್ಮ ಕೇಳಲಿಲ್ಲ. ಕೇಳುವ ಮೊದಲೇ ಕಣ್ಣು ತುಂಬಿತ್ತು.

"ಬೀದ್ಯಾಗ ಅಳಬ್ಯಾಡ," ಎಂದಳು ಈರಮ್ಮ. "ನೀ ಮುಂದ ಹೋಗಿ ಬಸ್ಸಿನ್ಯಾಗ ಜಾಗ ಹಿಡಿ. ನಾ ಸಾವಕಾಶ ಬರ್ತೇನಿ."

ದಾನಮ್ಮ ಮುಂದೆ ಹೋಗಲಿಲ್ಲ. ಅಕ್ಕ ನಿಂತಲ್ಲಿ ತಾನೂ ನಿಂತಳು, ಅಕ್ಕ ನಡೆದಾಗ ನಡೆದಳು. ಅವರು ಮೂಲೆ ತಿರುಗುವಾಗ ನಿಲ್ದಾಣದಿಂದ ಬಸ್ಸು ಹೊರಟಿತ್ತು. ಕಂಡಕ್ಟರ್ ನೋಡಿ ಸೀಟಿ ಊದಿ, ಬರ್ತೀರೇನು ಎಂದು ಕೈಸನ್ನೆ ಮಾಡಿದ.

"ಹೋಗ್ರಿ, ಹೋಗ್ರಿ," ಎಂದು ದಾನಮ್ಮ ಕೈ ಬೀಸಿದಳು. "ನಾವು ಕಾಯ್ತೀವಿ."